38 ಜನನ ನಮ್ಮ ಪೇರೋಲ್‌ಗೆ ಹಾಕ್ಕೊಳ್ಳಿ ಅಂತಿದಾರೆ ಕ್ಲೈಂಟ್, ಸಹಿ ಹಾಕೋ ಮುಂಚೆ ಏನೇನ್ ನೋಡ್ಬೇಕು?

ತುಮಕೂರು_ಪ್ಲೇಸ್‌ಮೆಂಟ್

ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಸಣ್ಣ ಕನ್ಸಲ್ಟೆನ್ಸಿ ನಡೆಸ್ತೀನಿ, ಇಷ್ಟು ದಿನ ಐಟಿಐ, ಡಿಪ್ಲೊಮಾ ಹುಡುಗರನ್ನ ಕಂಪನಿಗೆ ಸೇರಿಸೋದು, ಒಂದ್ಸಲ ಫೀಸ್ ತಗೊಳ್ಳೋದು, ಅಷ್ಟೇ ಕೆಲಸ. ಈಗ ವಸಂತನರಸಾಪುರದ ಒಂದು ಆಟೋ ಪಾರ್ಟ್ಸ್ ಕಂಪನಿಯವರು 38 ಜನ ಬೇಕು ಅಂತಿದಾರೆ, ಆದ್ರೆ ಅವರ ರೋಲ್‌ಗೆ ತಗೊಳಲ್ವಂತೆ, ನಿಮ್ಮ ಪೇರೋಲ್‌ಗೆ ಹಾಕ್ಕೊಂಡು ಕಳ್ಸಿ, ತಿಂಗಳಿಗೊಂದು ಬಿಲ್ ಹಾಕಿ, 8% ಸರ್ವಿಸ್ ಚಾರ್ಜ್ ಕೊಡ್ತೀವಿ, ಬಿಲ್ ಕೊಟ್ಟು 60 ದಿನಕ್ಕೆ ಪೇಮೆಂಟ್ ಅಂದ್ರು. 22 ಜನ ಸಿಎನ್‌ಸಿ (ಕಂಪ್ಯೂಟರ್ ಕಂಟ್ರೋಲ್ ಇರೋ ಮೆಷಿನ್) ಆಪರೇಟರ್, ಉಳಿದ 16 ಜನ ಹೌಸ್‌ಕೀಪಿಂಗ್ ಮತ್ತೆ ಲೋಡಿಂಗ್. ಸಿರಾ ಗೇಟ್ ಹತ್ರ ಇನ್ನೊಂದು ಗೋಡೌನ್‌ಗೆ ಈಗಾಗ್ಲೇ 14 ಜನನ ನಮ್ಮ ಹೆಸರಲ್ಲೇ ಕೊಟ್ಟಿದೀನಿ, ಅದಕ್ಕೆ ಪಿಎಫ್ ಇಎಸ್‌ಐ ಎಲ್ಲಾ ಕಟ್ತಾ ಇದೀನಿ.

ಗೊಂದಲ ಏನಂದ್ರೆ, ಹೊಸ ಕಾನೂನಲ್ಲಿ 50ಕ್ಕಿಂತ ಕಮ್ಮಿ ಇದ್ರೆ ಕಾಂಟ್ರ್ಯಾಕ್ಟ್ ಲೇಬರ್ ಲೈಸೆನ್ಸ್ ಬೇಡ ಅಂತಾರಲ್ಲ, ನಂದು 38 ತಾನೇ, ಬೇಡ್ವಾ? ಹುಡುಗರನ್ನ ಇಂಟರ್‌ವ್ಯೂ ಮಾಡೋದು, ಶಿಫ್ಟ್ ಹಾಕೋದು, ರಜ ಕೊಡೋದು ಎಲ್ಲಾ ಅವರ ಸೂಪರ್‌ವೈಸರೇ, ಏನಾದ್ರೂ ಆದ್ರೆ ಜವಾಬ್ದಾರಿ ಯಾರ್ದು? ಆರು ತಿಂಗಳಿಗೆ ಒಳ್ಳೆ ಹುಡುಗನ್ನ ಅವರೇ ಡೈರೆಕ್ಟ್ ತಗೊಂಡ್‌ಬಿಟ್ರೆ ನಾನೇನ್ ಮಾಡ್ಲಿ? ಮಧ್ಯದಲ್ಲಿ ಬಿಟ್ಟು ಹೋಗ್ಬಾರ್ದು ಅಂತ ಇಲ್ಲಿ ಕೆಲವು ಏಜೆನ್ಸಿಯವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತಾರೆ, ಅದು ಸರೀನಾ? ಅಗ್ರಿಮೆಂಟ್ ಮೇಜಿನ ಮೇಲಿದೆ, ಸೋಮವಾರ ಉತ್ತರ ಕೊಡ್ಬೇಕು.

ಕಂಪ್ಲಯನ್ಸ್_ಮೈಸೂರು

ಸರ್, ಸಹಿ ಹಾಕೋ ಮುಂಚೆ ಕೇಳಿದ್ರಲ್ಲ, ಒಳ್ಳೇದಾಯ್ತು. 38 ಅಂತ ನೆಮ್ಮದಿಯಾಗಿರ್ಬೇಡಿ. 1970ರ ಕಾಂಟ್ರ್ಯಾಕ್ಟ್ ಲೇಬರ್ ಆ್ಯಕ್ಟ್‌ನಲ್ಲಿ 20 ಜನ ಅಂತ ಇತ್ತು, 2025 ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂದ್ಮೇಲೆ ಅದು 50 ಆಯ್ತು, ನಿಜ. ಆದ್ರೆ ಲೆಕ್ಕ ಒಂದು ಕ್ಲೈಂಟ್‌ದಲ್ಲ, ಮ್ಯಾನ್‌ಪವರ್ ಸಪ್ಲೈ ಮಾಡೋ ಕಾಂಟ್ರ್ಯಾಕ್ಟರ್ ಹತ್ರ ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಒಟ್ಟು 50 ಜನ ಇದ್ರೂ ಲೈಸೆನ್ಸ್ ಬೇಕೇ ಬೇಕು. ನಿಮ್ಮ 38ಕ್ಕೆ ಗೋಡೌನ್ 14 ಸೇರ್ಸಿ, 52. ಲೈಸೆನ್ಸ್ ಬೇಕಾಗಿದ್ದೂ ಇಲ್ದೆ ಜನ ಕಳ್ಸಿದ್ರೆ ಆ ಕೆಲಸಗಾರರು ಕಂಪನಿಯವರೇ ನೇಮಿಸ್ಕೊಂಡವರು ಅಂತ ಕಾನೂನು ಪರಿಗಣಿಸುತ್ತೆ, ಆಗ ಕ್ಲೈಂಟ್ ನಿಮ್ಮ ಮೇಲೆ ತಿರುಗಿ ಬೀಳ್ತಾರೆ. ಲೈಸೆನ್ಸ್ ಒಮ್ಮೆ ಮಾಡಿಸಿದ್ರೆ 5 ವರ್ಷ ಇರುತ್ತೆ, ಅದಕ್ಕೆ ಹೆದರೋ ಅಗತ್ಯ ಇಲ್ಲ.

ನಂಗೆ ಜಾಸ್ತಿ ಚಿಂತೆ ಆಗಿದ್ದು ಆ 22 ಆಪರೇಟರ್ ವಿಚಾರ. ಹೊಸ ಕೋಡ್‌ನಲ್ಲಿ ಕಂಪನಿಯ ಮುಖ್ಯ ಕೆಲಸಕ್ಕೆ ಕಾಂಟ್ರ್ಯಾಕ್ಟ್ ಲೇಬರ್ ಹಾಕೋ ಹಾಗಿಲ್ಲ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್, ಲೋಡಿಂಗ್ ಅನ್‌ಲೋಡಿಂಗ್, ಗಾರ್ಡನ್ ಇವೆಲ್ಲ ಮುಖ್ಯ ಕೆಲಸದ ಹೊರಗೆ ಅಂತ ಕೋಡೇ ಹೇಳುತ್ತೆ, ಹಾಗಾಗಿ ಆ 16 ಜನದ್ದು ತಕರಾರಿಲ್ಲ. ಆದ್ರೆ ಪಾರ್ಟ್ಸ್ ಮಾಡೋ ಕಂಪನೀಲಿ ಸಿಎನ್‌ಸಿ ಮೆಷಿನ್ ಓಡಿಸೋದು ಮುಖ್ಯ ಕೆಲಸ ಅಲ್ದೆ ಇನ್ನೇನು? ವಿನಾಯ್ತಿ ಇದೆ, ದಿಢೀರ್ ಆರ್ಡರ್ ಜಾಸ್ತಿ ಆಗಿ ಇಂತಿಷ್ಟು ದಿನದಲ್ಲಿ ಮುಗಿಸ್ಬೇಕು ಅನ್ನೋ ಥರದ್ದು, ಅಥವಾ ಆ ಕೆಲಸ ಮೊದ್ಲಿಂದ ಕಾಂಟ್ರ್ಯಾಕ್ಟರ್ ಮೂಲಕವೇ ನಡೆಯೋ ರೂಢಿ ಇದ್ರೆ. ವರ್ಷವಿಡೀ ಮೂರು ಶಿಫ್ಟ್‌ಗೂ ಅದೇ ಹುಡುಗ ಅದೇ ಮೆಷಿನ್ ಮುಂದೆ ನಿಂತಿದ್ರೆ 'ದಿಢೀರ್' ಅಂತ ಯಾರ ಮುಂದೆ ಹೇಳ್ತೀರ?

ನನ್ನ ಸಲಹೆ: ಆ 22 ಜನನ ಕಂಪನಿಯವರೇ ಫಿಕ್ಸೆಡ್ ಟರ್ಮ್ ಮೇಲೆ (ಇಂತಿಷ್ಟು ಅವಧಿಗೆ ಅಂತ) ಅವರ ರೋಲ್‌ಗೆ ತಗೊಳ್ಳಲಿ, ನೀವು ಮೊದ್ಲಿನ ಥರ ಫೀಸ್ ತಗೊಳ್ಳಿ. ಫಿಕ್ಸೆಡ್ ಟರ್ಮ್‌ನವರಿಗೆ ಪರ್ಮನೆಂಟ್‌ನವರಷ್ಟೇ ಸಂಬಳ ಸವಲತ್ತು ಕೊಡ್ಬೇಕು, ಒಂದು ವರ್ಷ ಆದ್ರೆ ಗ್ರಾಚ್ಯುಟಿನೂ ಬರುತ್ತೆ, ಹುಡುಗರಿಗೂ ನ್ಯಾಯ.

ಮಾರ್ಕ್ಸ್ ಕಾರ್ಡ್ ಮುಟ್ಲೇಬೇಡಿ. ನೋಡಿ, ಜೆರಾಕ್ಸ್ ಇಟ್ಕೊಂಡು ಅಲ್ಲೇ ವಾಪಸ್ ಕೊಡಿ.

ಹುಬ್ಳಿ_ಸ್ಟಾಫಿಂಗ್

ಸರ, ಮೈಸೂರಿನವ್ರು ಹೇಳಿದ್ದು ಖರೆ ಐತಿ. ಆದ್ರ ರೊಕ್ಕದ ಲೆಕ್ಕ ಯಾರೂ ಹೇಳಿಲ್ಲ, ನಮ್ಮಂಥ ಸಣ್ಣ ಏಜೆನ್ಸಿ ಮುಳುಗೋದು ಅಲ್ಲೇ. ಒಬ್ಬಂಗ 15,000 ಸಂಬಳ ಅಂತ ಹಿಡೀರಿ (ನಿಮ್ಮ ಕೆಲಸದ ಮಿನಿಮಮ್ ವೇಜಸ್ ಎಷ್ಟು ಅಂತ ನೋಡಿ ಹಾಕ್ರಿ, ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಬದಲಾಗ್ತೈತಿ). ಮಾಲಕರ ಪಾಲು ಪಿಎಫ್ 12% ಮ್ಯಾಲೆ ಇಡಿಎಲ್‌ಐ (ಪಿಎಫ್ ಜೋಡಿ ಬರೂ ವಿಮಾ), ಅಡ್ಮಿನ್ ಚಾರ್ಜ್ ಸೇರಿ 13% ಅಂದ್ರ 1,950. ಇಎಸ್‌ಐ 3.25%, 488 ರೂಪಾಯಿ. ಬೋನಸ್ 8.33% ಅಂದ್ರ 1,250. ಗ್ರಾಚ್ಯುಟಿಗೆ ಎತ್ತಿಡೋದು 4.81%, 722. ಒಟ್ಟು 19,410 ಆತು. ಅದರ ಮ್ಯಾಲೆ ನಿಮ್ಮ 8%, 1,553. ಆಮ್ಯಾಲೆ ಪೂರ್ತಿ ಬಿಲ್ಲಿಗೆ 18% ಜಿಎಸ್‌ಟಿ, ಅದೊಂದು 3,773.

ಈಗ 38 ಮಂದಿಗೆ ಹಾಕ್ರಿ. ಸಂಬಳ, ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ ಕೈಯಿಂದ ಹೋಗೋದು 6.62 ಲಕ್ಷ. ಜನವರಿ ಬಿಲ್ಲು 31ಕ್ಕ ಕೊಟ್ರ 60 ದಿನಕ್ಕ ರೊಕ್ಕ ಬರೋದು ಏಪ್ರಿಲ್ ಒಂದನೇ ತಾರೀಖಿಗೆ. ಅಷ್ಟೊತ್ತಿಗೆ ಎರಡು ಪಗಾರ ಕೊಟ್ಟಿರ್ತೀರಿ, ಎರಡು ಸಲ 15ನೇ ತಾರೀಖಿಗೆ ಪಿಎಫ್ ಇಎಸ್‌ಐ ತುಂಬಿರ್ತೀರಿ, ಎರಡು ಸಲ 20ನೇ ತಾರೀಖಿಗೆ 1.43 ಲಕ್ಷ ಜಿಎಸ್‌ಟಿ ಕಟ್ಟಿರ್ತೀರಿ. ಕ್ಲೈಂಟ್ ಕೊಟ್ಟಿಲ್ಲ ಅಂದ್ರ ಜಿಎಸ್‌ಟಿ ಕಾಯೂದಿಲ್ಲ. ಹತ್ರಹತ್ರ 16 ಲಕ್ಷ ಹೊರಗ ಹೋಗಿರ್ತೈತಿ, ಮೂರನೇ ಪಗಾರ ಏಪ್ರಿಲ್ 7ಕ್ಕ ಮತ್ತ ಬಂದು ನಿಂತಿರ್ತೈತಿ. ನಿಮಗ ಸರ್ವಿಸ್ ಚಾರ್ಜ್ ವರ್ಷಪೂರ್ತಿ ಬಂದ್ರೂ 7 ಲಕ್ಷ. ಅದರಾಗ ಆಫೀಸ್ ಬಾಡಿಗಿ, ಪೇರೋಲ್ ಮಾಡೋ ಹುಡುಗಿ ಸಂಬಳ ತಗೀರಿ.

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದ ನೋಂದಣಿ) ಮಾಡಿಸಿರೇನು? ಇಲ್ಲಾಂದ್ರ ಇವತ್ತೇ ಮಾಡಿಸ್ರಿ. ಸಣ್ಣ ಉದ್ಯಮದವ್ರಿಗೆ 45 ದಿನಕ್ಕಿಂತ ಜಾಸ್ತಿ ಕ್ರೆಡಿಟ್ ಹಾಕೂ ಹಂಗಿಲ್ಲ, ಅಗ್ರಿಮೆಂಟಿನ್ಯಾಗ 60 ಅಂತ ಬರದ್ರೂ ನಡಿಯೂದಿಲ್ಲ. ತಡ ಮಾಡಿದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ, ಮತ್ತ ಟೈಮಿಗೆ ಕೊಡಲಿಲ್ಲ ಅಂದ್ರ ಆ ಖರ್ಚು ಅವ್ರ ಇನ್‌ಕಮ್ ಟ್ಯಾಕ್ಸ್ ಲೆಕ್ಕದಾಗ ಆ ವರ್ಷ ಹಿಡಿಯೂದಿಲ್ಲ. ಇದನ್ನ ಅವ್ರ ಅಕೌಂಟ್ಸ್ ಮ್ಯಾನೇಜರ್ ಮುಂದ ಕುಂತು ಹೇಳ್ರಿ, ಪರ್ಚೇಸ್‌ನವ್ರ ಮುಂದ ಹೇಳಿದ್ರ ಉಪಯೋಗಿಲ್ಲ.

ಏಜೆನ್ಸಿ_ಹುಡುಗ

ಬೊಮ್ಮಸಂದ್ರದಲ್ಲಿ ಒಂದೇ ಪ್ಲಾಂಟ್, ಒಂದೇ ಪ್ರೆಸ್ ಮೆಷಿನ್, ಮೂರು ಏಜೆನ್ಸಿ ಹೆಸರು ಬದಲಾಯ್ತು ನಂಗೆ. ನಿಮ್ಮಂಥೋರು ಮೊದ್ಲೇ ಕೇಳಿ ತಿಳ್ಕೊಳ್ತಿರೋದು ನೋಡಿ ಸಂತೋಷ ಆಯ್ತು ಅಣ್ಣ, ಆದ್ರೆ ಇಲ್ಲಿ ಎಲ್ರೂ ಲೈಸೆನ್ಸ್, ಬಿಲ್ ಅಂತ ಮಾತಾಡ್ತಿದೀರ, ನಮ್ ಕಡೆದೂ ಸ್ವಲ್ಪ ಕೇಳಿ. ಎರಡನೇ ಏಜೆನ್ಸಿಯವರು ಪ್ರತಿ ತಿಂಗಳು 1,800 ಪಿಎಫ್ ಅಂತ ಹಿಡ್ಕೊಂಡ್ರು, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿದ್ರೆ ಐದು ತಿಂಗಳು ಖಾಲಿ. ಪೇಸ್ಲಿಪ್ ಕೇಳಿದ್ರೆ ಎಕ್ಸೆಲ್ ಶೀಟಿಂದು ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕೋರು, ಅದರಲ್ಲಿ ಏಜೆನ್ಸಿ ಹೆಸರೂ ಇಲ್ಲ. ಅಪ್ಪಂಗೆ ಆಪರೇಷನ್ ಆದಾಗ ಇಎಸ್‌ಐ ಆಸ್ಪತ್ರೆಗೆ ಹೋದ್ರೆ ಕಾಂಟ್ರಿಬ್ಯೂಷನ್ ಬಂದಿಲ್ಲ ಅಂದ್ರು. ಸಂಬಳದಲ್ಲಿ ಕಟ್ ಆಗಿತ್ತು ಅಲ್ವಾ ಅಂತ ಕಿಟಕಿ ಹತ್ರ ನಿಂತು ಎಷ್ಟು ಹೇಳಿದ್ರೂ ಅವರಾದ್ರೂ ಏನ್ ಮಾಡ್ತಾರೆ, ಕಂಪ್ಯೂಟರಲ್ಲಿ ಇಲ್ವಲ್ಲ.

ಅದಕ್ಕೇ ಕೇಳ್ಕೊಳ್ಳೋದು, ಪೇಸ್ಲಿಪ್ ಸರಿಯಾಗಿ ಕೊಡಿ, ಕೆಲಸ ಬಿಟ್ಟಾಗ ಅನುಭವ ಪತ್ರ ಕೊಡಿ (ಹೊಸ ಕಾನೂನಲ್ಲಿ ಕೇಳಿದ್ರೆ ಏಜೆನ್ಸಿಯವರು ಕೊಡ್ಲೇಬೇಕು), ಕೊನೇ ಲೆಕ್ಕ ತಿಂಗಳುಗಟ್ಲೆ ಎಳೀಬೇಡಿ. ಒಳ್ಳೆ ಹುಡುಗನ್ನ ಕಂಪನಿ ತಗೊಂಡ್ರೆ ದಯವಿಟ್ಟು ಅಡ್ಡ ಬರ್ಬೇಡಿ. ನಾವು ಏಜೆನ್ಸಿಗೆ ಸೇರೋದೇ ಆ ಆಸೆಯಿಂದ.

ಎಚ್ಆರ್_ಕ್ಲೈಂಟ್_ಸೈಡ್

ನಾನು ಕಂಪನಿ ಕಡೆ ಕೂತಿರೋಳು, ಮೇಲಿನ ಹುಡುಗ ಬರೆದಿದ್ದು ಓದಿ ಬೇಜಾರಾಯ್ತು, ಇಂಥದ್ದು ಆಗ್ಬಾರ್ದು ಅಂತಾನೇ ನಾವು ಪ್ರತಿ ಬಿಲ್ ಜೊತೆ ಹಿಂದಿನ ತಿಂಗಳ ಪಿಎಫ್ ಇಸಿಆರ್ (ಯಾರ್ಯಾರಿಗೆ ಎಷ್ಟು ಪಿಎಫ್ ಅನ್ನೋ ಪಟ್ಟಿ), ಇಎಸ್‌ಐ ಚಲನ್, ಬ್ಯಾಂಕ್ ಟ್ರಾನ್ಸ್‌ಫರ್ ಪಟ್ಟಿ ಹೆಸರು ಹೆಸರಾಗಿ ಕೇಳ್ತೀವಿ. ಏಜೆನ್ಸಿ ಸಂಬಳ ಕೊಡ್ದಿದ್ರೆ ಕಂಪನಿಯೇ ಕೊಡ್ಬೇಕು, ಅದು 1970ರ ಕಾಯ್ದೆಯಲ್ಲೂ ಇತ್ತು, ಈಗ್ಲೂ ಇದೆ. 2020 ಡಿಸೆಂಬರ್ 12ಕ್ಕೆ ಕೋಲಾರದ ನರಸಾಪುರದಲ್ಲಿ ಐಫೋನ್ ಮಾಡ್ತಿದ್ದ ವಿಸ್ಟ್ರಾನ್ ಫ್ಯಾಕ್ಟರೀಲಿ ಗಲಾಟೆ ಆಯ್ತಲ್ಲ, ಕಾರಣ ಕೊನೆಗೆ ಬಂದು ನಿಂತಿದ್ದು ಸಂಬಳ, ಹಾಜರಿ ಲೆಕ್ಕ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಅಂತ ಕಂಪನಿಯೇ ಒಪ್ಕೊಂಡು ಕ್ಷಮೆ ಕೇಳ್ತು, ಆ್ಯಪಲ್ ಅವರನ್ನ ಪ್ರೊಬೇಷನ್‌ಗೆ ಹಾಕ್ತು.

ಇಂಟರ್‌ವ್ಯೂ, ರಜ ಎಲ್ಲಾ ಅವರೇ ಅಂದ್ರಲ್ಲ, ಅದು ಅವರಿಗೇ ಅಪಾಯ. 2001ರಲ್ಲಿ ಸ್ಟೀಲ್ ಅಥಾರಿಟಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಕಾಂಟ್ರ್ಯಾಕ್ಟ್ ರದ್ದಾದ್ರೆ ಕೆಲಸಗಾರರು ತಾನಾಗೇ ಪರ್ಮನೆಂಟ್ ಆಗಲ್ಲ, ಆದ್ರೆ ಕಾಂಟ್ರ್ಯಾಕ್ಟೇ ಬರೀ ಕಣ್ಣಿಗೆ ಮಣ್ಣೆರಚೋ ಕಾಗದ ಆಗಿದ್ರೆ ಅವರು ಕಂಪನಿಯ ಕೆಲಸಗಾರರೇ. ನೇಮಕ ಯಾರು ಮಾಡಿದ್ರು, ಸಂಬಳ ಯಾರು ಕೊಟ್ರು, ಶಿಸ್ತು ಕ್ರಮ ಯಾರು ತಗೊಂಡ್ರು, ತೆಗೆಯೋ ಅಧಿಕಾರ ಯಾರ ಹತ್ರ ಇತ್ತು ಅಂತ ನೋಡ್ತಾರೆ. ಆಫರ್ ಲೆಟರ್, ರಜ, ನೋಟಿಸ್ ಎಲ್ಲಾ ನಿಮ್ಮ ಕೈಲೇ ಇರ್ಲಿ, ಶಾಪ್ ಫ್ಲೋರಲ್ಲಿ ನಿಮ್ಮದೇ ಒಬ್ಬ ಸೂಪರ್‌ವೈಸರ್ ಹಾಕಿ, ಅವರ ಸಂಬಳನೂ ಬಿಲ್‌ಗೆ ಸೇರ್ಸಿ.

ಡೈರೆಕ್ಟ್ ತಗೊಳ್ಳೋ ವಿಚಾರ: 1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್ 27ನೇ ಸೆಕ್ಷನ್ ಪ್ರಕಾರ ಹುಡುಗ ಬೇರೆ ಕಡೆ ಸೇರಬಾರ್ದು ಅಂತ ನೀವು ಬರೆಸ್ಕೊಂಡ್ರೂ ಅದು ನಿಲ್ಲಲ್ಲ. ನಮ್ಮ ಜೊತೆ, ಅಂದ್ರೆ ಕ್ಲೈಂಟ್ ಜೊತೆ ಅಗ್ರಿಮೆಂಟಲ್ಲಿ ಕನ್ವರ್ಷನ್ ಫೀಸ್ ಬರೀರಿ, ಇಷ್ಟು ತಿಂಗಳೊಳಗೆ ತಗೊಂಡ್ರೆ ಇಷ್ಟು ಅಂತ. ನಾವು ಕೊಡ್ತೀವಿ, ಹೊಸಬರನ್ನ ಹುಡುಕೋದಕ್ಕಿಂತ ಅದು ಕಮ್ಮಿ ಖರ್ಚು.

ಇನ್ನೊಂದು, ಮದುವೆಯಾದ ಹೆಣ್ಣುಮಕ್ಕಳು ಬೇಡ ಅಂತ ಯಾವ ಕ್ಲೈಂಟ್ ಆದ್ರೂ ಫೋನಲ್ಲಿ ಹೇಳಿದ್ರೆ ಒಪ್ಕೋಬೇಡಿ. 2024ರಲ್ಲಿ ತಮಿಳುನಾಡಿನ ಐಫೋನ್ ಫ್ಯಾಕ್ಟರಿ ಬಗ್ಗೆ ಇಂಥ ಸುದ್ದಿ ಬಂದು ಕೇಂದ್ರ ಕಾರ್ಮಿಕ ಇಲಾಖೆ ರಾಜ್ಯದಿಂದ ವರದಿ ಕೇಳ್ತು. ಅಂಥ ಜಾಹೀರಾತಿನ ಕೆಳಗೆ ಇರೋದು ಏಜೆನ್ಸಿ ಹೆಸರು, ಕಂಪನಿದಲ್ಲ.

ತುಮಕೂರು_ಪ್ಲೇಸ್‌ಮೆಂಟ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಹೋಗಿ ಮಾತಾಡ್ದೆ. 22 ಆಪರೇಟರ್‌ನ ಫಿಕ್ಸೆಡ್ ಟರ್ಮ್ ಮೇಲೆ ತಗೊಳ್ಳೋಕೆ ಅವರ ಎಚ್ಆರ್‌ಗೆ ಇಷ್ಟ ಇದೆ, ಬೆಂಗಳೂರು ಆಫೀಸಿಂದ ಒಪ್ಪಿಗೆ ಬರ್ಬೇಕಂತೆ. 16 ಜನ ನಮ್ಮ ಪೇರೋಲಲ್ಲಿ, 30 ದಿನಕ್ಕೆ ಪೇಮೆಂಟ್, ಕನ್ವರ್ಷನ್ ಫೀಸ್ ಒಂದು ತಿಂಗಳ ಸಂಬಳ. ಬೊಮ್ಮಸಂದ್ರದ ತಮ್ಮ, ನಿನ್ನ ಮಾತು ಮನಸ್ಸಿಗೆ ನಾಟ್ತು, ಪೇಸ್ಲಿಪ್ ಮೊದಲ ತಿಂಗಳಿಂದಾನೇ ಕೊಡ್ತೀನಿ. ಒಂದೇ ಡೌಟು, ಈ 16ರಲ್ಲಿ 9 ಜನ ಅಲ್ಲೇ ಹಳೇ ಏಜೆನ್ಸೀಲಿ ಇದ್ದೋರು, ಅವರಿಗೆ ಹೊಸ ಪಿಎಫ್ ನಂಬರ್ ಮಾಡಿಸ್ಬೇಕಾ?

ಕಂಪ್ಲಯನ್ಸ್_ಮೈಸೂರು

ಬೇಡ ಸರ್, ಯುಎಎನ್ (ಪಿಎಫ್ ನಂಬರ್) ಒಬ್ಬರಿಗೆ ಜೀವನಪೂರ್ತಿ ಒಂದೇ. ಹಳೇದನ್ನೇ ತಗೊಂಡು ನಿಮ್ಮ ಏಜೆನ್ಸಿಯ ಪಿಎಫ್ ಕೋಡ್‌ಗೆ ಜೋಡಿಸಿ, ಹಳೇ ಏಜೆನ್ಸಿಯವರು ಬಿಟ್ಟ ದಿನಾಂಕ ಹಾಕಿದಾರಾ ನೋಡಿ, ಹಾಕಿಲ್ಲಾಂದ್ರೆ ಮುಂದೆ ಟ್ರಾನ್ಸ್‌ಫರ್‌ಗೆ ತೊಂದ್ರೆ. ಯುಎಎನ್ ಇಲ್ದೇ ಇರೋರಿಗೆ ಮಾತ್ರ ಹೊಸದು, ಅದೂ ಈಗ ಉಮಂಗ್ ಆ್ಯಪಲ್ಲಿ ಅವರವರ ಮುಖ ಸ್ಕ್ಯಾನ್ ಮಾಡಿ ಮಾಡ್ಬೇಕು, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ ಇದೆಯಾ ಅಂತ ಸೇರೋ ದಿನಾನೇ ವಿಚಾರಿಸಿ. ಮತ್ತೆ 16ಕ್ಕೆ 14 ಸೇರಿ 30 ಆಯ್ತು, ಮೂರನೇ ಕ್ಲೈಂಟ್ ಬಂದು 50ರ ಹತ್ರ ಹೋಗೋ ಮುಂಚೆ ಲೈಸೆನ್ಸ್‌ಗೆ ಅರ್ಜಿ ಹಾಕಿಬಿಡಿ.