ಜಾಮಿ ಮಸೀದಿ ಒಳಗಿನ ಫೋಟೊ: ಮೂರು ಎಕ್ಸ್‌ಪೋಶರ್ ಸೇರಿಸಿದರೆ ಪೇಂಟಿಂಗ್ ಥರ ಯಾಕೆ ಕಾಣುತ್ತದೆ?

ಶಹಾಬಾದ್_ಕಲ್ಲು:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿದ್ದೆ. ನೋಡದವರಿಗೆ ಹೇಳಬೇಕಂದ್ರೆ, 1367ರಲ್ಲಿ ಕಟ್ಟಿದ್ದು, ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಪೂರ್ತಿ ಮುಚ್ಚಿದ ಚಾವಣಿ. ಬೆಳಕು ಬಹುಪಾಲು ಪಕ್ಕದ ಅಗಲ ಕಮಾನುಗಳಿಂದಲೇ ಒಳಗೆ ಬರಬೇಕು. ನನ್ನ ತಲೆನೋವು ಶುರುವಾಗಿದ್ದೇ ಅಲ್ಲಿ. ಒಳಗಿನ ಕಂಬಗಳಿಗೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಅಳತೆ) ಇಟ್ಟರೆ ಕಮಾನಿನಾಚೆ ಬರೀ ಬಿಳಿ, ಹೊರಗಿನದಕ್ಕೆ ಇಟ್ಟರೆ ಒಳಗೆ ಕತ್ತಲು.

ಹಳೇ ನಿಕಾನ್ ಇದೆ, ಬ್ರಾಕೆಟಿಂಗ್ (ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ ತೆಗೆಯೋದು) ಹಾಕಿ ಮೂರು ಫ್ರೇಮ್ ತೆಗೆದೆ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಐಎಸ್ಒ (ಬೆಳಕಿಗೆ ಸೂಕ್ಷ್ಮತೆ) 100, ಷಟರ್ 1/50, 1/25, 1/13 ಸೆಕೆಂಡ್. ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ಎಚ್‌ಡಿಆರ್ ಮರ್ಜ್ (ಮೂರನ್ನೂ ಸೇರಿಸಿ ಒಂದೇ ಚಿತ್ರ ಮಾಡೋದು) ಕೊಟ್ಟೆ. ಹೊರಗಿನ ಜಾಗ ಬೂದಿ ಬಳಿದ ಹಾಗೆ ಬಂತು. ಹೈಲೈಟ್ (ಬೆಳಕಿನ ಭಾಗ) ಪೂರ್ತಿ ಇಳಿಸಿ, ಶ್ಯಾಡೋ (ನೆರಳಿನ ಭಾಗ) ಪೂರ್ತಿ ಏರಿಸಿದ ಮೇಲೆ ಕಮಾನಿನ ಸುತ್ತ ಬಿಳಿ ಪಟ್ಟಿ ಬಂತು, ಕಂಬಗಳು ತಾವೇ ಹೊಳೆಯುವ ಹಾಗೆ ಆದವು. ಒಂದು ಪಾರಿವಾಳ ಮೂರು ಸಲ ಹಾರಿದೆ. ನನ್ನ ತಂಗಿ ನೋಡಿ ‘ಇದು ಕ್ಯಾಲೆಂಡರಿಂದಾ?’ ಅಂದಳು. ಕಣ್ಣಿಗೆ ಕಂಡ ಹಾಗೆ ಬರಲು ಏನು ಮಾಡಬೇಕು?

ನೆರಳು_ಬಿಸಿಲು:

ಶಹಾಬಾದ್ ಅಣ್ಣಾ, ಮರ್ಜಿನ ತಪ್ಪು ಕಮ್ಮಿ, ತೆಗೆದದ್ದರಲ್ಲೇ ತಪ್ಪಿದೆ. ನಿಮ್ಮ ಅಂಕಿ ನೀವೇ ನೋಡಿ. ನಮ್ಮ ಕಡೆಯ ಉರಿಬಿಸಿಲಿಗೆ ಐಎಸ್ಒ 100, ಎಫ್/8 ಇಟ್ಟರೆ ಸುಮಾರು 1/400 ಬೇಕು. ಫಿಲ್ಮ್ ಕಾಲದಿಂದ ಬಂದ ಲೆಕ್ಕ ಇದು, ಬಿಸಿಲಿನಲ್ಲಿ ಎಫ್/16 ಇಟ್ಟರೆ ಷಟರ್ ಒಂದರ ಕೆಳಗೆ ಐಎಸ್ಒ ಅಂಕಿ, ಅಂದರೆ ಇಲ್ಲಿ 1/100 ಅಂತ, ಅಲ್ಲಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಅಪರ್ಚರ್ ತೆರೆದಿರಿ ಅಷ್ಟೇ. ನಿಮ್ಮ ಅತಿ ಕಪ್ಪು ಫ್ರೇಮ್ 1/50. ಅಂದರೆ ಹೊರಗಿನ ಬಿಸಿಲು ಮೂರು ಫ್ರೇಮಿನಲ್ಲೂ ಸುಟ್ಟು ಹೋಗಿದೆ. ಎಲ್ಲೂ ದಾಖಲಾಗದ್ದನ್ನು ಯಾವ ಸಾಫ್ಟ್‌ವೇರ್ ತಂದುಕೊಡುತ್ತದೆ? ಹೈಲೈಟ್ ಇಳಿಸಿದಾಗ ಸುಟ್ಟ ಬಿಳಿ ಬೂದಿಯಾಯಿತು, ಅಷ್ಟೇ.

ಒಂದೊಂದು ಸ್ಟಾಪ್ ಬಿಡಿ, ಎರಡೆರಡು ಇಡಿ. ಕ್ಯಾಮೆರಾ ಮೂರೇ ಫ್ರೇಮ್ ಕೊಟ್ಟರೆ ಮ್ಯಾನುಯಲ್‌ನಲ್ಲಿ ಷಟರ್ ಮಾತ್ರ ತಿರುಗಿಸುತ್ತಾ ಹೋಗಿ: 1/400, 1/100, 1/25, 1/6, ಕೊನೆಗೆ 0.6 ಸೆಕೆಂಡ್. ಅಪರ್ಚರ್ ಮುಟ್ಟಬೇಡಿ, ಫೋಕಸ್‌ನ ಆಳ ಬದಲಾದರೆ ಫ್ರೇಮ್‌ಗಳು ಒಂದರ ಮೇಲೊಂದು ಸರಿಯಾಗಿ ಕೂರೋದಿಲ್ಲ. ಫೋಕಸ್ ಕೂಡ ಮ್ಯಾನುಯಲ್. ರಾ ಫೈಲ್ (ಸೆನ್ಸರ್ ಹಿಡಿದದ್ದೆಲ್ಲ ಹಾಗೇ ಉಳಿಸುವ ಫೈಲ್) ಇರಲೇಬೇಕು.

ಇನ್ನು ಸೇರಿಸೋದು. ನಾನು ಒಂದೇ ಗುಂಡಿ ಒತ್ತುವ ಮರ್ಜ್ ಬಿಟ್ಟು ಬಹಳ ದಿನ ಆಯ್ತು, ಫ್ರೇಮ್‌ಗಳನ್ನು ಒಂದರ ಮೇಲೊಂದು ಲೇಯರ್ ಇಟ್ಟು ಕೈಯಿಂದಲೇ ಮಾಡುತ್ತೇನೆ. ಜಿಂಪ್ ಅನ್ನೋ ಫೋಟೊ ತಿದ್ದುವ ಸಾಫ್ಟ್‌ವೇರ್ ಸಾಕು, ದುಡ್ಡು ಖರ್ಚಿಲ್ಲ. ಒಳಗಿನ ಕಂಬಗಳು ಸ್ವಲ್ಪ ಮಬ್ಬಾಗಿ ಕಾಣುವ ಫ್ರೇಮ್, ಬಹುಶಃ 1/6ರದ್ದು, ಅದು ತಳ. ಅದರ ಮೇಲೆ 1/400ರದ್ದು ಇಟ್ಟು, ಕಪ್ಪು ಮಾಸ್ಕ್ (ಲೇಯರನ್ನು ಮುಚ್ಚುವ ಪರದೆ, ಬಿಳಿ ಹಚ್ಚಿದ ಕಡೆ ಮಾತ್ರ ಲೇಯರ್ ಕಾಣುತ್ತದೆ) ಹಾಕಿ, ಕಮಾನಿನಾಚೆಯ ಜಾಗಕ್ಕೆ ಮಾತ್ರ ಬಿಳಿ ಬ್ರಷ್ ಹಚ್ಚಿ. ಈಗ ಮುಖ್ಯ ಮಾತು. ಆ ಲೇಯರಿನ ಒಪ್ಯಾಸಿಟಿ (ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನೋದು) ಅರ್ಧಕ್ಕೆ ಇಳಿಸಿ. ಒಳಗೆ ನಿಂತು ನೋಡಿದಾಗ ಹೊರಗೆ ಕಣ್ಣು ಕುಕ್ಕುತ್ತದೆ ಅಲ್ವಾ? ಅದು ಫೋಟೊದಲ್ಲೂ ಉಳಿಯಬೇಕು. ಒಳಗು ಹೊರಗು ಎರಡೂ ಒಂದೇ ಬೆಳಕಿನಲ್ಲಿ ಕಂಡರೆ, ಯಾಕೆ ಅಂತ ಗೊತ್ತಾಗದಿದ್ದರೂ ನೋಡಿದವರಿಗೆ ಸುಳ್ಳು ಅನ್ನಿಸುತ್ತದೆ.

ಅಂಚಿನ ವಿಷಯ ಇನ್ನೂ ಸೂಕ್ಷ್ಮ. ಬಿಸಿಲು ಕಮಾನಿನ ಗೆರೆಯ ಹತ್ತಿರ ಬಂದು ನಿಂತುಬಿಡೋದಿಲ್ಲ, ಕಮಾನಿನ ಒಳಮೈ ಮೇಲೆ ಬಿದ್ದು, ನೆಲಕ್ಕೆ ಜಾರಿ, ಎರಡನೇ ಸಾಲಿನ ಕಂಬದವರೆಗೂ ಮೆಲ್ಲಗೆ ಹರಿಯುತ್ತದೆ. ಕಮಾನಿನ ಹೊರಗೆರೆಗೆ ಮಾಸ್ಕ್ ಚೊಕ್ಕವಾಗಿ ಕತ್ತರಿಸಿದಿರೋ, ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಹಾಗಾಗಿ ಆ ಒಳಮೈಗೆ 1/25ರ ಫ್ರೇಮನ್ನು ಮೆತ್ತನೆಯ ದೊಡ್ಡ ಬ್ರಷ್‌ನಿಂದ ಹತ್ತು ಹದಿನೈದು ಪರ್ಸೆಂಟಿನಲ್ಲಿ ಹಚ್ಚುತ್ತಾ ಬನ್ನಿ. ಬೇಜಾರಿನ ಕೆಲಸ. ನನಗೆ ಒಂದು ಚಿತ್ರಕ್ಕೆ ಒಂದು ಸಂಜೆ ಹೋಗುತ್ತದೆ, ಹೆಂಡತಿ ಬೈಯುತ್ತಾಳೆ.

ಪಾರಿವಾಳಕ್ಕೆ ಸುಲಭ. ಅದು ಚೆನ್ನಾಗಿ ಬಂದ ಒಂದು ಫ್ರೇಮಿಂದ ಮಾತ್ರ ತಗೊಳ್ಳಿ, ಉಳಿದವುಗಳಲ್ಲಿ ಮಾಸ್ಕ್‌ನಿಂದ ಮುಚ್ಚಿ.

ಬಿದರಿ_ಕಪ್ಪು:

ಮೇಲಿನವರು ಹೇಳಿದ್ದು ಸರಿ, ಆದರೆ 0.6 ಸೆಕೆಂಡ್ ಫ್ರೇಮ್ ಬೇಕಾ ಅಂತ ಮೊದಲು ಯೋಚಿಸಿ. ನಾನು ಬೀದರ್‌ನವನು. ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿ ಗುಮ್ಮಟ ಇದೆ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ. ಒಳಗೋಡೆ ತುಂಬ ಬಣ್ಣದ ಚಿತ್ತಾರ, ಆದರೆ ಬೆಳಕು ಬಹಳ ಕಮ್ಮಿ. ನಾನು ಏಳು ಫ್ರೇಮ್ ತೆಗೆದು ಮೂಲೆ ಮೂಲೆ ಬೆಳಗಿಸಿದೆ. ಚಿತ್ತಾರವೆಲ್ಲ ಕಂಡಿತು, ನಿಜ. ಪಕ್ಕದ ಮನೆ ಹಿರಿಯರಿಗೆ ತೋರಿಸಿದರೆ, ಪ್ರತಿ ಜಾತ್ರೆಗೆ ಹೋಗುವವರು ಅವರು, ‘ಇದು ಯಾವೂರಿಂದಪ್ಪ?’ ಅಂದರು. ಅಲ್ಲಿ ಕಾಲಿಟ್ಟ ಕೂಡಲೇ ಕಣ್ಣಿಗೆ ಏನೂ ಕಾಣದೆ, ನಿಧಾನಕ್ಕೆ ಬಣ್ಣ ಮೂಡುತ್ತದಲ್ಲ, ಅದನ್ನೇ ನಾನು ಅಳಿಸಿ ಹಾಕಿದ್ದೆ. ನಮ್ಮ ಬಿದರಿ ಸಾಮಾನು ನೋಡಿ, ತಳ ಕರ್ರಗಾಗಲಿ ಅಂತಲೇ ಕೋಟೆ ಮಣ್ಣು ಹಚ್ಚುತ್ತಾರೆ, ಆಮೇಲೇ ಬೆಳ್ಳಿ ಎದ್ದು ಕಾಣೋದು. ಈಗ ನಾನು ಒಂದೆರಡು ಮೂಲೆ ಪೂರ್ತಿ ಕಪ್ಪಾಗಿಯೇ ಬಿಡುತ್ತೇನೆ.

ಇನ್ನೊಂದು, ಬಣ್ಣ. ಒಳಗೆ ಬಲ್ಬಿನ ಹಳದಿ, ಹೊರಗೆ ಆಕಾಶದ ನೀಲಿ. ಎಲ್ಲ ಫ್ರೇಮಿಗೂ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿಮಾಡುವ ಸೆಟ್ಟಿಂಗ್) ಒಂದೇ ಇಟ್ಟು ಶುರು ಮಾಡಿ, ಆಟೊ ಬಿಟ್ಟರೆ ಒಂದೊಂದು ಫ್ರೇಮ್ ಒಂದೊಂದು ಬಣ್ಣ ಬಂದು ಸೇರಿಸುವಾಗ ತೇಪೆ ಕಾಣುತ್ತದೆ.

ಯಾದಗಿರಿ_ಗುಡ್ಡ:

ಇಷ್ಟೆಲ್ಲ ಯಾಕ್ರೀ? ಬೆಳಗ್ಗೆ ಬೇಗ ಹೋಗಿ, ಒಂದೇ ರಾ ತೆಗೆದು ಶ್ಯಾಡೋ ಸ್ವಲ್ಪ ಎತ್ತಿ. ನಾನು ಯಾದಗಿರಿ ಕೋಟೆ ಮೇಲೆ ಹಾಗೇ ಮಾಡೋದು. ಹೊತ್ತು ಏರಿದ ಮೇಲೆ ಕ್ಯಾಮೆರಾ ಬ್ಯಾಗಿಗೆ.

ನೆರಳು_ಬಿಸಿಲು:

@ಯಾದಗಿರಿ, ಬಯಲಲ್ಲಿ ನಡೆಯುತ್ತದೆ ಸರ್, ಮುಚ್ಚಿದ ಕಟ್ಟಡದೊಳಗೆ ಕಷ್ಟ. ಎಂಟು ಸ್ಟಾಪ್ ಅಂತರ ಇದ್ದಾಗ ಒಂದೇ ಫೈಲಿನ ಕತ್ತಲನ್ನು ಎತ್ತಿದರೆ ಬರೀ ಕಾಳು ಕಾಳು. ಮತ್ತೆ ಇದು ನಿನ್ನೆ ಮೊನ್ನೆಯ ಚಾಳಿಯೂ ಅಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಒಂದೇ ಪ್ರಿಂಟ್ ಮಾಡಿದವನು. ಆದರೆ ಬೇಗ ಹೋಗಿ ಅನ್ನೋ ಮಾತು ಒಪ್ಪಿದೆ, ಅಂತರ ಕಮ್ಮಿ ಇದ್ದಷ್ಟು ಮಾಸ್ಕ್ ಕೆಲಸವೂ ಕಮ್ಮಿ.

ಶಹಾಬಾದ್_ಕಲ್ಲು:

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಅನುಮಾನ, 0.6 ಬಿಡಿ, 1/6 ಕೂಡ ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಬಿದರಿ_ಕಪ್ಪು:

ಬಟ್ಟೆ ಚೀಲದಲ್ಲಿ ಒಂದು ಕೆಜಿ ತೊಗರಿಬೇಳೆ ತುಂಬಿ ಬಾಯಿ ಹೊಲಿಯಿರಿ. ನೆಲದ ಮೇಲಿಟ್ಟು ಕ್ಯಾಮೆರಾ ಅದುಮಿ ಕೂರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ ಕೈ ಬಿಟ್ಟುಬಿಡಿ. ಕಂಬಗಳ ಸಾಲು ನೆಲಮಟ್ಟದಿಂದ ಇನ್ನೂ ಚೆನ್ನಾಗಿಯೇ ಬರುತ್ತದೆ. ಕಲಬುರಗಿಯವರಿಗೆ ಬೇಳೆಗೆ ಬರವಾ!

ಶಹಾಬಾದ್_ಕಲ್ಲು:

ನಿನ್ನೆ ಬೆಳಗ್ಗೆ ಹೋಗಿ ಬಂದೆ. ನಾಲ್ಕು ಫ್ರೇಮ್ ತೆಗೆದೆ, ಸೇರಿಸಿದ್ದು ಮೂರೇ. ಹೊರಗಿನ ಲೇಯರ್ 45 ಪರ್ಸೆಂಟಿಗೆ ಬಂದು ನಿಂತಿತು, ಅದಕ್ಕಿಂತ ಏರಿಸಿದರೆ ಮತ್ತೆ ಕ್ಯಾಲೆಂಡರ್. ಎಡಗಡೆ ಎರಡನೇ ಕಮಾನಿನ ಒಳಮೈಯಲ್ಲಿ ಇನ್ನೂ ಸಣ್ಣ ತೇಪೆ ಇದೆ, ಇವತ್ತು ರಾತ್ರಿ ಕೂತು ತಿದ್ದುತ್ತೇನೆ. ತಂಗಿ ಈ ಸಲ ಏನೂ ಅನ್ನಲಿಲ್ಲ, ಸುಮ್ನೆ ನೋಡಿ ಫೋನ್ ವಾಪಸ್ ಕೊಟ್ಟಳು. ಬೇಳೆ ಚೀಲದ ಹೊಲಿಗೆ ಬಿಚ್ಚಿ ಅವ್ವ ಆಗಲೇ ಅರ್ಧ ಸಾರಿಗೆ ಹಾಕಿದ್ದಾಳೆ.