ಸೊಂಟ ನೋವಿಗೆ ದಿನವಿಡೀ ನಿಲ್ಲುವುದೇ ಕಾರಣವಾ? ಬೆಲ್ಟ್ ಹಾಕಬೇಕಾ?

ಒಂದನೇ ಕ್ಲಾಸ್ ಟೀಚರ್:
11 ವರ್ಷದಿಂದ ಒಂದನೇ ಕ್ಲಾಸಿಗೇ ಪಾಠ ಮಾಡುತ್ತಿದ್ದೇನೆ. ಎರಡು ತಿಂಗಳಿಂದ ಸೊಂಟ ನೋವು. ಬೆಳಿಗ್ಗೆ ಪರವಾಗಿಲ್ಲ. ಮೂರನೇ ಪೀರಿಯಡ್ ಹೊತ್ತಿಗೆ ಯಾರೋ ಹಗ್ಗ ಬಿಗಿದ ಹಾಗೆ ಆಗುತ್ತದೆ. ಕೊನೆ ಬೆಲ್ ಹೊಡೆದಾಗ ಮೇಜು ಹಿಡಿದೇ ಏಳಬೇಕು. ಕಾಲಿಗೆ ಇಳಿದಿಲ್ಲ, ಜೋಮೂ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು: ಬೆಲ್ಟ್ ಹಾಕಿ, ವಾರ ರಜೆ ಹಾಕಿ ಮಲಗಿ. ಜಾಸ್ತಿ ನಿಲ್ಲುವುದರಿಂದಲೇ ಇದು ಅಲ್ವಾ? ಸ್ಕ್ಯಾನ್ ಮಾಡಿಸಲಾ?

ನಿವೃತ್ತ ಮೇಷ್ಟ್ರು:
ನಾನೂ ನಿಲ್ಲುವುದನ್ನೇ ಬೈದುಕೊಳ್ಳುತ್ತಿದ್ದೆ. ಒಂದು ದಿನ ಸುಮ್ನೆ ಎಣಿಸಿದೆ. ನೋಟ್‌ಬುಕ್ ತಿದ್ದಲು ಒಂದೇ ಪೀರಿಯಡ್ಡಿನಲ್ಲಿ 63 ಸಲ ಬಗ್ಗಿದ್ದೆ! ಚಿಕ್ಕ ಮಕ್ಕಳ ಡೆಸ್ಕು ನಮ್ಮ ಮಂಡಿಗಿಂತ ಒಂದು ಗೇಣು ಮೇಲೆ, ಅಷ್ಟೇ. ಬಗ್ಗಿ, ಬಗ್ಗಿದಲ್ಲೇ ಪಕ್ಕದವನ ಕಡೆ ತಿರುಗಿ, ಅವನ ಕೈ ಹಿಡಿದು ಅಕ್ಷರ ತಿದ್ದಿಸುವುದು. ನನ್ನ ಸೊಂಟ ಕೆಟ್ಟಿದ್ದು ಅಲ್ಲೇ. ಒಂದು ಗಿಡ್ಡ ಸ್ಟೂಲು ಇಟ್ಟುಕೊಂಡು ಮಕ್ಕಳ ಪಕ್ಕ ಕೂತು ತಿದ್ದಲು ಶುರು ಮಾಡಿದೆ. ತಿಂಗಳಲ್ಲಿ ಎಷ್ಟೋ ಹಗುರವಾಯಿತು. ನೀವೂ ಒಂದು ದಿನ ಎಣಿಸಿ ನೋಡಿ.

ಫಿಸಿಯೋ:
ಮೇಷ್ಟ್ರ ಮಾತು ಸರಿ. ಆದರೆ ಅಲ್ಲಾಡದೆ ನಿಲ್ಲುವುದೂ ಒಳ್ಳೆಯದಲ್ಲ. ಬೋರ್ಡಿನ ಹತ್ತಿರ ನಿಂತಾಗ ಒಂದು ಪಾದ ಚಿಕ್ಕ ಹಲಗೆ ಮೇಲಿಡಿ, ಆಗಾಗ ಕಾಲು ಬದಲಿಸಿ. ಮಲಗಿಬಿಡುವುದು ಮಾತ್ರ ಬೇಡ, ಸ್ನಾಯು ಇನ್ನೂ ಸೊರಗುತ್ತದೆ. ನಡೆಯಿರಿ. ಬೆಲ್ಟಿನ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ, ಮೂರು ತಿಂಗಳು ದಾಟಿದ ಸೊಂಟ ನೋವಿಗೂ ಅದನ್ನು ಬೇಡ ಅಂದಿದೆ. ನೀವು ಹೇಳಿದ್ದು ನೋಡಿದರೆ ಸ್ಕ್ಯಾನಿಗೆ ಅವಸರವಿಲ್ಲ. ಆದರೆ ಎರಡು ತಿಂಗಳಾಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿ ಮರಗಟ್ಟಿದರೆ ಅಥವಾ ಕಾಲು ಸೋತರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರವೋ, ಕಾರಣವಿಲ್ಲದೆ ತೂಕ ಇಳಿಯುವುದೋ ಇದ್ದರೂ ತಡ ಮಾಡಬೇಡಿ.

ಒಂದನೇ ಕ್ಲಾಸ್ ಟೀಚರ್:
ಇವತ್ತು ಎಣಿಸಿದೆ. ಗಣಿತದ ಪೀರಿಯಡ್ ಒಂದರಲ್ಲೇ 58! ನಂಬಲಿಕ್ಕೇ ಆಗಲಿಲ್ಲ. ಬಿದ್ದ ಪೆನ್ಸಿಲ್ ಎತ್ತಿಕೊಟ್ಟಿದ್ದೇ ಒಂಬತ್ತು ಸಲ, ಅದನ್ನು ನಾಳೆಯಿಂದ ಅವರೇ ಎತ್ತಿಕೊಳ್ಳಲಿ. ಸ್ಟೂಲು ಸಿಕ್ಕಿತು, ಆದರೆ ಸಾಲುಗಳ ಮಧ್ಯೆ ಇಡಲು ಜಾಗವಿಲ್ಲ. ನಾಳೆ ಬೇಗ ಹೋಗಿ ಬೆಂಚು ಸರಿಸುತ್ತೇನೆ.

ಫಿಸಿಯೋ:
ಒಬ್ಬರೇ ಸರಿಸಬೇಡಿ ಮೇಡಂ!