ಏರಿನಲ್ಲಿ ಎಳೆತ ಬಿಡುವ ಹಳೇ ಡೀಸೆಲ್ ಜೀಪ್: ಪಂಪ್ ಬಿಚ್ಚೋ ಮೊದಲು ಏನೇನು ನೋಡಬೇಕು?

ಪ್ರಶ್ನೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪನ ಕಾಲದ ಎಂಎಂ 540 ಜೀಪ್. 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್, ಗಾಳಿ ಒತ್ತಿ ತುಂಬಿಸೋ ಟರ್ಬೊ ಇಲ್ಲ. ತೋಟದೊಳಗೆ, ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಸುಳ್ಯದಿಂದ ಮಡಿಕೇರಿ ಕಡೆ ಬರುವಾಗ ಸಂಪಾಜೆ ದಾಟಿ ಕೊಯನಾಡು, ಜೋಡುಪಾಲ ಹತ್ತುವಾಗ ನಿಧಾನಕ್ಕೆ ಎಳೆತ ಬಿಡುತ್ತೆ. ಮದೆನಾಡು ಬರೋ ಹೊತ್ತಿಗೆ ಸೆಕೆಂಡ್ ಗೇರಲ್ಲೂ ಹತ್ತಲ್ಲ. ಹತ್ತು ನಿಮಿಷ ಆಫ್ ಮಾಡಿ ನಿಲ್ಲಿಸಿದರೆ ಮತ್ತೆ ಚೆನ್ನಾಗಿ ಎಳೆಯುತ್ತೆ, ಸ್ವಲ್ಪ ದೂರ ಹೋದ ಮೇಲೆ ಪುನಃ ಅದೇ ಕಥೆ. ಡೀಸೆಲ್ ಫಿಲ್ಟರ್ ಹೊಸದು ಹಾಕಿದ್ದೇವೆ. ಮೆಕ್ಯಾನಿಕ್, ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸೋ ದೊಡ್ಡ ಪಂಪ್ ಇಳಿಸಿ ರಿಪೇರಿ ಮಾಡಿಸಬೇಕು ಅಂತಿದ್ದಾರೆ. ಅಷ್ಟು ಖರ್ಚು ಮಾಡೋ ಮೊದಲು ಅನುಭವ ಇರೋರು ದಯವಿಟ್ಟು ಹೇಳಿ.

ಮೂರ್ನಾಡು

ತಮ್ಮಾ, ಪಂಪ್ ಸದ್ಯಕ್ಕೆ ಮುಟ್ಟಿಸಬೇಡ. ನೀನು ಬರೆದಿದ್ದರಲ್ಲಿ ಮುಖ್ಯವಾದ ಮಾತು ‘ಹತ್ತು ನಿಮಿಷ ನಿಲ್ಲಿಸಿದರೆ ಸರಿ ಹೋಗುತ್ತೆ’ ಅನ್ನೋದು. ಕಂಪ್ರೆಷನ್ ಹೋಗಿದ್ದರೆ, ವಾಲ್ವ್ ಸವೆದಿದ್ದರೆ, ಟೈಮಿಂಗ್ ತಪ್ಪಿದ್ದರೆ ಎಂಜಿನ್ ಯಾವಾಗಲೂ ಸೋಮಾರಿಯಾಗೇ ಇರುತ್ತೆ, ವಿಶ್ರಾಂತಿ ಕೊಟ್ಟ ಮಾತ್ರಕ್ಕೆ ಸರಿ ಹೋಗಲ್ಲ. ಬೆಟ್ಟದ ಮೇಲೆ ಗಾಳಿ ತೆಳು ಅಂತ ಕೆಲವರು ಹೇಳ್ತಾರೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಟರ್ಬೊ ಇಲ್ಲದ ಎಂಜಿನ್ನಿಗೆ ಅಲ್ಲಿ ಹತ್ತರಲ್ಲೊಂದು ಪಾಲು ಶಕ್ತಿ ಕಡಿಮೆ ಆಗೋದು ನಿಜ. ಆದರೆ ನೀನು ನಿಲ್ಲಿಸಿ ಹೊರಟರೆ ಗಾಳಿ ದಪ್ಪ ಆಗಲ್ಲವಲ್ಲ.

ಇಂಥ ಬಂದು ಹೋಗುವ ತೊಂದರೆಯನ್ನು ಶೆಡ್‌ನಲ್ಲಿ ನಿಲ್ಲಿಸಿಕೊಂಡು ಹುಡುಕಿದರೆ ಸಿಗಲ್ಲ. ಎಳೆತ ಬಿಟ್ಟ ಗಳಿಗೆಯಲ್ಲೇ ನೋಡಬೇಕು. ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗು. ಶಕ್ತಿ ಇಳಿದಾಗ ಸೈಲೆನ್ಸರ್ ಹೊಗೆ ಹೇಗಿದೆ ಅಂತ ಅವರು ನೋಡಲಿ. ಕಾಲು ಪೂರ್ತಿ ಒತ್ತಿದ್ದರೂ ಹೊಗೆ ಇಲ್ಲ ಅಂದರೆ ಡೀಸೆಲ್ ಸಾಕಾಗುತ್ತಿಲ್ಲ. ಕಪ್ಪು ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಕಾಗುತ್ತಿಲ್ಲ, ಇಲ್ಲವೇ ಗಾಡಿಯನ್ನು ಯಾವುದೋ ಹಿಡಿದು ಎಳೆಯುತ್ತಿದೆ. ಈ ಒಂದು ನೋಟದಲ್ಲೇ ಅರ್ಧ ಕೆಲಸ ಮುಗಿಯುತ್ತೆ.

ಆಮೇಲೆ ಗಾಡಿ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡದೆ ಎರಡು ಕೆಲಸ ಮಾಡು. ಟ್ಯಾಂಕ್ ಮುಚ್ಚಳ ತೆಗೆದು ‘ಸುಯ್’ ಅಂತ ಗಾಳಿ ಒಳಗೆ ಎಳೆದುಕೊಳ್ಳುತ್ತಾ ಕೇಳು. ನಂತರ ಹ್ಯಾಂಡ್ ಪ್ರೈಮರ್, ಅಂದರೆ ಕೈಯಲ್ಲಿ ಒತ್ತಿ ಡೀಸೆಲ್ ತಳ್ಳುವ ಗುಂಡಿ, ಒತ್ತಿ ನೋಡು. ಅದು ಫಿಲ್ಟರ್ ತಲೆಯ ಮೇಲೋ ಫೀಡ್ ಪಂಪ್ (ಟ್ಯಾಂಕ್‌ನಿಂದ ಡೀಸೆಲ್ ಎಳೆದು ದೊಡ್ಡ ಪಂಪ್‌ಗೆ ಕೊಡುವ ಸಣ್ಣ ಪಂಪ್) ಪಕ್ಕದಲ್ಲೋ ಇರುತ್ತೆ. ಒತ್ತಿದ ಮೇಲೆ ಎಳೆತ ವಾಪಸ್ ಬಂದರೆ ದೊಡ್ಡ ಪಂಪ್ ಚೆನ್ನಾಗಿದೆ, ಅದಕ್ಕೆ ಡೀಸೆಲ್ ತಲುಪುತ್ತಿಲ್ಲ ಅಂತ ಅರ್ಥ.

ಸುಂಟಿಕೊಪ್ಪ

ನಾನು ಲಾರಿ ಓಡಿಸೋನು. ಡೀಸೆಲ್ ಲೈನ್ ಹುಡುಕೋ ಮೊದಲು ಸುಲಭದ್ದು ಮೂರು ನೋಡಿ. ಎಂಜಿನ್ ಸದ್ದು ಏರುತ್ತೆ, ಸ್ಪೀಡ್ ಏರಲ್ಲ ಅಂದರೆ ಅದು ಕ್ಲಚ್. ನಿಲ್ಲಿಸಿದ ಕೂಡಲೇ ನಾಲ್ಕೂ ಡ್ರಮ್ ಹತ್ತಿರ ಕೈ ಹಿಡಿಯಿರಿ, ಒಂದು ಮಾತ್ರ ಕಾದಿದ್ದರೆ ಬ್ರೇಕ್ ಹಿಡಿದಿದೆ. ಇದೂ ತಣ್ಣಗಾದ ಮೇಲೆ ಬಿಟ್ಟುಕೊಳ್ಳುತ್ತೆ, ಹಾಗಾಗಿ ಮೋಸ ಹೋಗೋದು ಸುಲಭ.

ಮೂರನೆಯದು ಎಂಜಿನ್ ಮೌಂಟಿಂಗ್. ರಬ್ಬರ್ ಹರಿದಿದ್ದರೆ ಏರಿನಲ್ಲಿ ಭಾರ ಬಿದ್ದಾಗ ಎಂಜಿನ್ ಒಂದು ಕಡೆ ವಾಲುತ್ತೆ, ಆಗ ಆಕ್ಸಿಲರೇಟರ್ ರಾಡ್ ಹಿಂದಕ್ಕೆ ಎಳೆದುಕೊಂಡು ಪಂಪ್ ಲಿವರ್ ಪೂರ್ತಿ ತೆರೆಯಲ್ಲ. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಲಿವರ್ ಸ್ಟಾಪರ್‌ಗೆ ತಾಗುತ್ತಾ ನೋಡಲಿ.

ಸಿದ್ದಾಪುರ

ನಮ್ಮದು ಜೀಪ್ ಅಲ್ಲ, ಸ್ಪ್ರಿಂಕ್ಲರ್‌ನ ಡೀಸೆಲ್ ಎಂಜಿನ್. ರೋಗ ಮಾತ್ರ ಇದೇ. ರೊಬಸ್ಟಾ ಕಾಫಿಗೆ ಹೂವಿನ ನೀರು ಕೊಡೋ ಫೆಬ್ರವರಿ–ಮಾರ್ಚ್ ಬಿಟ್ಟರೆ ಉಳಿದ ತಿಂಗಳು ಅದು ಶೆಡ್‌ನಲ್ಲೇ ಇರುತ್ತೆ. ಸ್ಟಾರ್ಟ್ ಮಾಡಿದರೆ ಮುಕ್ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಆರ್‌ಪಿಎಂ ಇಳಿಯೋದು, ದೂರದ ಜೆಟ್‌ಗಳು ತಿರುಗದೆ ನಿಲ್ಲೋವು. ಹೂಮೊಗ್ಗು ಕಾಯುತ್ತಿರುವಾಗ ಅರ್ಧ ಬ್ಲಾಕಿಗೆ ನೀರು ಬಿದ್ದು ಅರ್ಧಕ್ಕೆ ಬೀಳದಿದ್ದರೆ ಆ ವರ್ಷದ ಫಸಲಿನ ಗತಿ ಏನು ಅಂತ ತೋಟ ಇರೋರಿಗೆ ಗೊತ್ತು.

ಕಾರಣ ಸಿಕ್ಕಿದ್ದು ಟ್ಯಾಂಕ್ ಮುಚ್ಚಳದಲ್ಲಿ. ಗಾಳಿ ಹೋಗೋ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಡೀಸೆಲ್ ಕಡಿಮೆ ಆದಷ್ಟೂ ಒಳಗೆ ನಿರ್ವಾತ ಆಗಿ ಹರಿವು ನಿಲ್ಲೋದು. ನಿಲ್ಲಿಸಿ ಮುಚ್ಚಳ ತೆಗೆದು ಡೀಸೆಲ್ ಎಷ್ಟಿದೆ ಅಂತ ನೋಡ್ತಿದ್ದೆವಲ್ಲ, ಅಷ್ಟಕ್ಕೇ ಸರಿ ಹೋಗೋದು! ತುಂಬಾ ದಿನ ನಿಂತ ಎಂಜಿನ್‌ನಲ್ಲಿ ಏರ್ ಫಿಲ್ಟರ್ ಒಳಗೂ ನೋಡಿ, ಇಲಿ ಗೂಡು ಇರುತ್ತೆ. ಆಯಿಲ್ ಬಾತ್ (ಬಟ್ಟಲಿನ ಎಣ್ಣೆಯಲ್ಲಿ ಧೂಳು ಹಿಡಿಯೋ ಫಿಲ್ಟರ್) ಆದರೆ ಬಟ್ಟಲಿನ ಎಣ್ಣೆ ಗುರುತಿನ ಮಟ್ಟಕ್ಕೆ ಇರಲಿ, ಜಾಸ್ತಿ ಹಾಕಿದರೂ ಉಸಿರು ಕಟ್ಟುತ್ತೆ.

ಪ್ರಶ್ನೆ ಕೇಳಿದವರು, ನಾಪೋಕ್ಲು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ತಮ್ಮನನ್ನು ಕರ್ಕೊಂಡು ಅದೇ ಏರಿಗೆ ಹೋಗಿದ್ದೆ. ಎಳೆತ ಬಿಟ್ಟಾಗ ಹೊಗೆ ಒಂಚೂರೂ ಇಲ್ಲ. ಮುಚ್ಚಳ ತೆಗೆದಾಗ ಸದ್ದು ಬರಲಿಲ್ಲ, ವ್ಯತ್ಯಾಸವೂ ಆಗಲಿಲ್ಲ. ಪ್ರೈಮರ್ ಒತ್ತಿದ ಮೇಲೆ ಒಂದು ತಿರುವಿನವರೆಗೆ ಸರಿಯಾಗಿ ಎಳೆಯಿತು. ಡ್ರಮ್ ಯಾವುದೂ ಬಿಸಿ ಇಲ್ಲ, ಲಿವರ್ ಪೂರ್ತಿ ತೆರೆಯುತ್ತೆ.

ಮೂರ್ನಾಡು

ಹಾಗಾದರೆ ಟ್ಯಾಂಕ್‌ನಿಂದ ಪಂಪ್‌ವರೆಗಿನ ದಾರಿಯಲ್ಲೇ ಇದೆ. ಈಗ ಎರಡರಲ್ಲಿ ಒಂದು: ದಾರಿ ಕಟ್ಟಿಕೊಳ್ಳುತ್ತಿದೆ, ಇಲ್ಲವೇ ದಾರಿಯಲ್ಲಿ ಗಾಳಿ ಸೇರುತ್ತಿದೆ.

ಫೀಡ್ ಪಂಪ್‌ಗಿಂತ ಹಿಂದಿನ, ಅಂದರೆ ಟ್ಯಾಂಕ್ ಕಡೆಯ ಪೈಪ್‌ನಲ್ಲಿ ಸಂದು ಇದ್ದರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಅದಕ್ಕೇ ಹೊರಗಿಂದ ನೋಡಿದರೆ ಎಲ್ಲಾ ಒಣಗಿಯೇ ಕಾಣುತ್ತೆ, ಮೆಕ್ಯಾನಿಕ್ ಕೂಡ ‘ಲೀಕ್ ಇಲ್ಲ’ ಅಂತಾರೆ. ಒಂದಡಿ ಪಾರದರ್ಶಕ ಪೈಪನ್ನು ಫೀಡ್ ಪಂಪ್‌ನ ಹಿಂದೆ ಸೇರಿಸಿ, ಕ್ಲಿಪ್ ಬಿಗಿಯಾಗಿ ಹಾಕು. ಸ್ಟಾರ್ಟ್ ಆದ ಹೊಸದರಲ್ಲಿ ನಾಲ್ಕು ಗುಳ್ಳೆ ಬಂದರೆ ಪರವಾಗಿಲ್ಲ. ಸಾಲಾಗಿ ಬರುತ್ತಲೇ ಇದ್ದರೆ ಗಾಳಿ ಸೇರುತ್ತಿದೆ. ಆಗ ಒಂದೊಂದೇ ಜಾಯಿಂಟ್ ಸುತ್ತ ದಪ್ಪಗೆ ಗ್ರೀಸ್ ಬಳಿಯುತ್ತಾ ಬಾ. ಯಾವುದಕ್ಕೆ ಬಳಿದಾಗ ಗುಳ್ಳೆ ನಿಲ್ಲುತ್ತೋ ಅದೇ ಕಳ್ಳ. ಹೆಚ್ಚಾಗಿ ಗಟ್ಟಿಯಾಗಿ ಬಿರಿದ ರಬ್ಬರ್ ಪೈಪ್, ಇಲ್ಲವೇ ಪೈಪ್ ತುದಿಯ ಬಳೆಯನ್ನು ಹಿಡಿಯುವ ತೂತಿನ ಬೋಲ್ಟ್ (ಬ್ಯಾಂಜೋ ಬೋಲ್ಟ್) ಎರಡೂ ಬದಿಯ ತಾಮ್ರದ ವಾಷರ್. ಫಿಲ್ಟರ್ ಬದಲಾಯಿಸುವಾಗ ಹಳೇ ವಾಷರ್ರನ್ನೇ ಹಾಕಿರುತ್ತಾರೆ. ಹೊಸದು ಸಿಗದಿದ್ದರೆ ಹಳೇದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೆ ಕೂರುತ್ತೆ. ಪಾರದರ್ಶಕ ಪೈಪ್ ಪರೀಕ್ಷೆಗೆ ಮಾತ್ರ, ಅದನ್ನೇ ಬಿಟ್ಟುಬಿಡಬೇಡ. ಡೀಸೆಲ್‌ಗೆ ಗಟ್ಟಿಯಾಗಿ ಒಡೆಯುತ್ತೆ.

ಗುಳ್ಳೆ ಇಲ್ಲ, ಹರಿವು ಮಾತ್ರ ಸಣ್ಣಗಾಗುತ್ತೆ ಅಂದರೆ ಕಸ. ಟ್ಯಾಂಕ್ ಒಳಗಿನ ಎಳೆಯುವ ಕೊಳವೆಯ ಬಾಯಿಗೆ ಎಲೆ, ಪ್ಲಾಸ್ಟಿಕ್ ಚೂರು, ತುಕ್ಕಿನ ಕೆಸರು ಬಂದು ಅಂಟಿಕೊಳ್ಳುತ್ತೆ. ಏರಿನಲ್ಲಿ ಎಂಜಿನ್ ಜಾಸ್ತಿ ಎಳೆದಷ್ಟೂ ಗಟ್ಟಿಯಾಗಿ ಅಂಟುತ್ತೆ, ಆಫ್ ಮಾಡಿದಾಗ ಎಳೆತ ನಿಂತು ಕೆಳಗೆ ಬೀಳುತ್ತೆ. ನೀನು ಹೇಳೋ ಹತ್ತು ನಿಮಿಷದ ಲೆಕ್ಕ ಇದಕ್ಕೆ ತುಂಬಾ ಚೆನ್ನಾಗಿ ಕೂರುತ್ತೆ. ಫೀಡ್ ಪಂಪ್ ಕಡೆ ಪೈಪ್ ಬಿಚ್ಚಿ, ಟ್ಯಾಂಕ್ ಮುಚ್ಚಳ ತೆಗೆದಿಟ್ಟು, ಸೈಕಲ್ ಪಂಪ್‌ನಿಂದ ಟ್ಯಾಂಕ್ ಕಡೆಗೆ ಊದು. ಗುಳುಗುಳು ಸದ್ದು ಸಲೀಸಾಗಿ ಬರಬೇಕು. ಊದಿದ ಮೇಲೆ ಕೆಲವು ದಿನ ಸರಿ ಇದ್ದು ಮತ್ತೆ ಶುರುವಾದರೆ ಟ್ಯಾಂಕ್ ಇಳಿಸಿ ತೊಳೆಯೋದೇ ದಾರಿ.

ಗೋಣಿಕೊಪ್ಪ

ಮೂರ್ನಾಡಿನ ಅಣ್ಣ ಹೇಳಿದ್ದು ಸರಿ. ಆದರೆ ಪಂಪ್ ಕೆಲಸ ಮಾಡಿದವನಾಗಿ ಒಂದು ಸೇರಿಸ್ತೇನೆ, ಪಂಪ್‌ನದು ಯಾವತ್ತೂ ತಪ್ಪಿರಲ್ಲ ಅಂತಲ್ಲ. ರೋಟರಿ ಪಂಪ್ (ಒಂದೇ ರೋಟರ್ ತಿರುಗಿ ಎಲ್ಲಾ ಸಿಲಿಂಡರ್‌ಗೂ ಡೀಸೆಲ್ ಹಂಚೋದು) ಆದರೆ ಒಳಗಿನ ಹೆಡ್ ಮತ್ತು ರೋಟರ್ ಸವೆದಾಗ, ಬಿಸಿಯಾಗಿ ತೆಳುವಾದ ಡೀಸೆಲ್ ಒಳಗೊಳಗೇ ಜಾರಿಹೋಗುತ್ತೆ. ತಣ್ಣಗಿದ್ದಾಗ ಚೆನ್ನಾಗಿ ಓಡುತ್ತೆ, ಬಿಸಿಯಾದಾಗ ಎಳೆಯಲ್ಲ, ಆಫ್ ಮಾಡಿದರೆ ಬಿಸಿಯಲ್ಲಿ ಸ್ಟಾರ್ಟೇ ಆಗಲ್ಲ. ಆಗ ಆಫ್ ಮಾಡಿದ ಎಂಜಿನ್‌ನಲ್ಲಿ ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಅದರಿಂದ ಸ್ಟಾರ್ಟ್ ಆಗಿ ಎಳೆದರೆ ಪಂಪ್ ಸವೆದಿದೆ. ನೀರು ಮಾತ್ರ ಸುರಿಯಬೇಡಿ, ಬಿಸಿ ಪಂಪ್ ಒಮ್ಮೆಲೇ ತಣ್ಣಗಾದರೆ ಹಿಡಿದುಕೊಳ್ಳಬಹುದು.

ನಿಧಾನಕ್ಕೆ ಬಿಡದೆ ಸ್ವಿಚ್ ಹಾಕಿ ತೆಗೆದ ಹಾಗೆ ಜಗ್ಗಿ ಜಗ್ಗಿ ಬಿಟ್ಟರೆ ರೋಟರಿ ಪಂಪ್‌ನ ಸ್ಟಾಪ್ ಸೊಲೆನಾಯ್ಡ್ (ಎಂಜಿನ್ ಆಫ್ ಮಾಡೋಕೆ ಡೀಸೆಲ್ ಕಡಿಯುವ ಕರೆಂಟ್ ವಾಲ್ವ್) ವೈರ್ ಸಡಿಲ ಇದೆಯಾ ನೋಡಿ. ಇನ್‌ಲೈನ್ ಪಂಪ್ (ಒಂದೊಂದು ಸಿಲಿಂಡರ್‌ಗೂ ಬೇರೆ ಪ್ಲಂಜರ್ ಸಾಲಾಗಿರೋದು) ಇದ್ದವರು ಫೀಡ್ ಪಂಪ್ ಕೆಳಗಿನ ಸಣ್ಣ ಜಾಲರಿ, ಒಳಗಿನ ಎರಡು ವಾಲ್ವ್, ಹೆಚ್ಚಾದ ಡೀಸೆಲ್ ಟ್ಯಾಂಕ್‌ಗೆ ವಾಪಸ್ ಹೋಗುವ ರಿಟರ್ನ್ ಕಡೆಯ ಓವರ್‌ಫ್ಲೋ ವಾಲ್ವ್ ಮೂರನ್ನೂ ನೋಡಬೇಕು. ಓವರ್‌ಫ್ಲೋ ವಾಲ್ವ್ ಜಾಗಕ್ಕೆ ಯಾರೋ ತೂತಿನ ಸಾದಾ ಬೋಲ್ಟ್ ಹಾಕಿದ್ದ ಗಾಡಿಗಳು ಬಂದಿದ್ದವು. ಅದರಲ್ಲಿ ಪಂಪ್ ಒಳಗೆ ಒತ್ತಡವೇ ನಿಲ್ಲಲ್ಲ. ಈ ಪಂಪ್‌ಗಳನ್ನು ಮಾಡುತ್ತಿದ್ದ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿದೆ, ನಮ್ಮ ಕಡೆ ಅಂಗಡಿಯಲ್ಲಿ ಮೈಕೋ ಅಂತ ಕೇಳಿದರೂ ಕೊಡ್ತಾರೆ. ಪಂಪ್‌ನ ಪ್ಲೇಟ್ ಮೇಲಿನ ನಂಬರ್ ಬರೆದುಕೊಂಡು ಹೋಗಿ.

ಪಂಪ್ ಬಿಚ್ಚಲೇಬೇಕಾ ಅಂತ ತೀರ್ಮಾನ ಮಾಡೋಕೆ ಕ್ಯಾನ್ ಪರೀಕ್ಷೆ ಮಾಡಿ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಪಂಪ್‌ಗಿಂತ ಎತ್ತರದಲ್ಲಿ ಎಡ ಸೀಟಿನ ಹತ್ತಿರ ಗಟ್ಟಿಯಾಗಿ ಕಟ್ಟಿ. ಅದರಿಂದ ಫೀಡ್ ಪಂಪ್‌ಗೆ ಹೊಸ ಪೈಪ್ ಎಳೆಯಿರಿ, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಪೈಪ್ ಸೈಲೆನ್ಸರ್‌ಗೆ ತಾಗಬಾರದು. ಇದರಲ್ಲಿ ಸಂಪಾಜೆ ಏರು ಪೂರ್ತಿ ಹತ್ತಿದರೆ ಪಂಪ್ ನಿರಪರಾಧಿ. ಕ್ಯಾನಿನಲ್ಲೂ ಎಳೆತ ಬಿಟ್ಟರೆ ಆಗ ಮೆಕ್ಯಾನಿಕ್ ಹೇಳಿದ ಹಾಗೆ ಮಾಡಿ. ಎಂಜಿನ್ ಓಡುವಾಗ ಪಂಪ್‌ನಿಂದ ನಾಝಲ್‌ಗೆ ಹೋಗುವ ಪೈಪ್‌ನ ಲೀಕ್ ಹುಡುಕೋಕೆ ಯಾರೂ ಬೆರಳು ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹಾಗಾದರೆ ನೋವಿಲ್ಲ ಅಂತ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸೋಮವಾರಪೇಟೆ

ಡೀಸೆಲ್ ಎಲ್ಲಿಂದ ತುಂಬಿಸ್ತೀರಿ ಅಂತ ಯಾರೂ ಕೇಳಲಿಲ್ಲ. ತೋಟದ ಬ್ಯಾರಲ್‌ನಿಂದಾದರೆ ಮೊದಲು ಅದನ್ನು ನೋಡಿ. ಮಳೆಗಾಲದಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ ತಲೆ ಮೇಲೆ ನೀರು ನಿಲ್ಲುತ್ತೆ. ಹಗಲು ಕಾದು ರಾತ್ರಿ ತಣ್ಣಗಾದಾಗ ಬಿರಡೆ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ನೀರು ತಳದಲ್ಲಿ ನಿಂತು, ನೀರೂ ಡೀಸೆಲ್ಲೂ ಸೇರುವ ಜಾಗದಲ್ಲಿ ಕಂದು ಲೋಳೆ ಬೆಳೆಯುತ್ತೆ. ಆ ಲೋಳೆ ಹೊಸ ಫಿಲ್ಟರನ್ನೂ ಕೆಲವೇ ದಿನದಲ್ಲಿ ಮುಚ್ಚುತ್ತೆ. ನಮ್ಮಲ್ಲಿ ಈಗ ಬ್ಯಾರಲನ್ನು ಮಾಡಿನಡಿ ಒಂದು ಬದಿಗೆ ವಾಲಿಸಿ ಇಡ್ತೇವೆ, ಕೈಪಂಪ್‌ನ ಪೈಪ್ ತಳ ಮುಟ್ಟದ ಹಾಗೆ ನಾಲ್ಕು ಬೆರಳು ಮೇಲೆ ನಿಲ್ಲಿಸ್ತೇವೆ.

ಟ್ಯಾಂಕ್ ತೊಳೆದ ಮೇಲೂ ಸಂದಿಯಲ್ಲಿ ಉಳಿದ ಕಸ ಬರುತ್ತಲೇ ಇರುತ್ತೆ. ಬಟ್ಟೆ ಫಿಲ್ಟರ್, ಪೇಪರ್ ಫಿಲ್ಟರ್ ಒಂದೊಂದು ಜೊತೆ, ನಾಲ್ಕು ತಾಮ್ರದ ವಾಷರ್, ಸರಿಯಾದ ಸ್ಪ್ಯಾನರ್ ಗಾಡಿಯಲ್ಲೇ ಇರಲಿ. ಮೊದಲ ತಿಂಗಳು ವಾರಕ್ಕೊಮ್ಮೆ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ತೆಗೆದು ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟು ನೋಡಿ. ತಳದಲ್ಲಿ ನೀರಿನ ಗೆರೆ ಕಂಡರೆ ಇನ್ನೂ ಬರುತ್ತಿದೆ ಅಂತ, ಮತ್ತೆ ಸ್ಕ್ರೂ ಬಿಗಿ ಮಾಡಿ ಪ್ರೈಮರ್‌ನಿಂದ ಏರ್ ತೆಗೆದೇ ಹೊರಡಿ.